ಒಂದು ಸೈಡು ಪೂರ್ತಿ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ‘ಯಾವ ಪ್ಲೇಯರ್ ತಗೊಳ್ಳಲಿ, ಯಾವ ಸ್ಪೀಕರ್ ತಗೊಳ್ಳಲಿ’ ಎಂಬ ಜಾತಿಯವು. ಅವನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಮೈಸೂರಿನ ಶಿವರಾಂಪೇಟೆಯಲ್ಲಿ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡೇ ತಲೆ ಬೆಳ್ಳಗಾದವನು ನಾನು. ಯಂತ್ರದ ಮಾತು ಶುರು ಮಾಡಿದರೆ ಇರುವ ಎರಡು ಪುಟವೂ ಅದಕ್ಕೇ ಹೋಗುತ್ತದೆ. ರೆಕಾರ್ಡ್ ಹಾಕಿ ಸಂಗೀತ ಕೇಳುವುದರ ಬಗ್ಗೆ ಪ್ರಶ್ನೆ ಕಳಿಸಿದವರಿಗೆ ಮೊದಲು ಉತ್ತರ.

ಪ್ರಶ್ನೆ: ನನ್ನ ಊರು ಧಾರವಾಡ, ಕೆಲಸ ಬೆಂಗಳೂರಿನಲ್ಲಿ. ಅಜ್ಜ ದಿನಾ ಹಿಂದೂಸ್ತಾನಿ ಕೇಳುತ್ತಿದ್ದರು, ನನಗೆ ತಲೆಗೆ ಹತ್ತಲಿಲ್ಲ. ಈಗ ರೆಕಾರ್ಡ್ ಪ್ಲೇಯರ್ ಕೊಂಡಿದ್ದೇನೆ. ಮೊದಲು ಕೊಳ್ಳಬೇಕಾದ ಹತ್ತು ಎಲ್‌ಪಿಗಳ (ಒಂದೊಂದು ಬದಿಗೆ ಇಪ್ಪತ್ತು ನಿಮಿಷ ಹಿಡಿಯುವ ದೊಡ್ಡ ರೆಕಾರ್ಡುಗಳ) ಪಟ್ಟಿ ಕೊಡಿ. ಇನ್ನೊಂದು ವಿಷಯ: ಐದು ನಿಮಿಷ ಆಗುವಷ್ಟರಲ್ಲಿ ಕೈ ಮೊಬೈಲಿಗೆ ಹೋಗುತ್ತದೆ. ಏನು ಮಾಡಲಿ?
– ಓದುಗ, ಬೆಂಗಳೂರು

ಉತ್ತರ: ಹತ್ತು ಬೇಡಪ್ಪ, ಒಂದು ಸಾಕು. ಹತ್ತು ತಂದಿಟ್ಟುಕೊಂಡರೆ ಒಂದೊಂದರಲ್ಲೂ ಐದೈದು ನಿಮಿಷ ಕೇಳಿ ಕಪಾಟಿಗೆ ಸೇರಿಸುತ್ತೀರಿ.

ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನ್ ಅವರದು ಒಂದು ಎಲ್‌ಪಿ ಇದೆ. ಎಚ್‌ಎಂವಿ ರೆಕಾರ್ಡ್ ಕಂಪನಿ 1960ರಲ್ಲಿ ತಂದದ್ದು. ಒಂದು ಬದಿ ಮಾರ್ವಾ, ಇನ್ನೊಂದು ಬದಿ ದರ್ಬಾರಿ. ಎರಡೇ ರಾಗ, ಮುಗೀತು. ಹಳೆಯ ಪ್ರತಿ ಈಗಲೂ ಅಲ್ಲಲ್ಲಿ ಸಿಗುತ್ತದೆ. ಅದನ್ನು ಹುಡುಕಿ ತನ್ನಿ. ತಂದ ಮೇಲೆ ದರ್ಬಾರಿ ಬದಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾರ್ವಾ ಹಾಕಿ.

ಮಾರ್ವಾದಲ್ಲಿ ಪಂಚಮ ಇಲ್ಲ. ರಿಷಭ ಕೋಮಲ, ಮಧ್ಯಮ ತೀವ್ರ. ಇಷ್ಟು ಯಾವ ಪುಸ್ತಕದಲ್ಲೂ ಸಿಗುತ್ತದೆ. ಕೇಳಬೇಕಾದ್ದು ಬೇರೆ ಇದೆ. ತಂಬೂರಿ ಷಡ್ಜವನ್ನು, ಅಂದರೆ ಆಧಾರ ಸ್ವರ ‘ಸಾ’ವನ್ನು, ನುಡಿಸುತ್ತಲೇ ಇರುತ್ತದೆ, ಖಾನ್ ಸಾಹೇಬರು ಮಾತ್ರ ಅದರ ಹತ್ತಿರ ಬಂದು ಬಂದು ಪಕ್ಕಕ್ಕೆ ಸರಿಯುತ್ತಾರೆ. ನಿಷಾದಕ್ಕೆ ಬಂದರು, ಇನ್ನೇನು ಸಾ ಮುಟ್ಟಿದರು ಅನ್ನುವಾಗ ರಿಷಭಕ್ಕೆ ಹಾರುತ್ತಾರೆ. ಧೈವತದಲ್ಲಿ ನಿಂತುಬಿಡುತ್ತಾರೆ. ಆ ಇಡೀ ಬದಿ ನಡೆಯುವುದು ಈ ಚಡಪಡಿಕೆಯ ಮೇಲೇ. ‘ಪಿಯಾ ಮೋರೆ’ ಅನ್ನುವ ವಿಲಂಬಿತ, ಅಂದರೆ ನಿಧಾನ ಗತಿಯ ಭಾಗ, ಎಷ್ಟು ನಿಧಾನ ಎಂದರೆ ತಬಲಾದವರು ನಿದ್ದೆ ಹೋದರೇನೋ ಅನ್ನಿಸುತ್ತದೆ. ಅಲ್ಲೇ ನಿಮ್ಮ ಕೈ ಮೊಬೈಲಿಗೆ ಹೋಗೋದು. ಆಗ ಒಂದೇ ಕೆಲಸ ಮಾಡಿ: ಅವರು ಷಡ್ಜದಲ್ಲಿ ನಿಜವಾಗಿ ನಿಲ್ಲುವ ಜಾಗಗಳನ್ನು ಹುಡುಕಿ. ನಿಂತಾಗ ನಿಮಗೇ ಉಸಿರು ಬಿಟ್ಟಂತಾಗುತ್ತದೆ. ಆಮೇಲೆ ‘ಗುರು ಬಿನ ಜ್ಞಾನ’ ಬರುತ್ತದೆ, ದ್ರುತ್, ಅಂದರೆ ವೇಗದ ಭಾಗ. ಅಷ್ಟು ಹೊತ್ತು ಕಾದವರಿಗೆ ಮಾತ್ರ ಅದು ದ್ರುತ್ ಅನ್ನಿಸುತ್ತದೆ. ನೇರ ಅಲ್ಲಿಗೇ ಪ್ಲೇಯರಿನ ಮುಳ್ಳು ಇಟ್ಟು ಕೇಳಿದರೆ ಬರೀ ಒಂದು ಹಾಡು.

ಅದಕ್ಕೇ ನಾನು ಯಾವಾಗಲೂ ಹೇಳೋದು: ರೆಕಾರ್ಡಿನಲ್ಲಿ ಕೇಳುವ ಅಳತೆ ಹಾಡಲ್ಲ, ಸೈಡು. ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು, ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಕಛೇರಿಯಲ್ಲಿ ಒಂದೂವರೆ ಗಂಟೆ ಹಾಡುವವರು ಆ ಇಪ್ಪತ್ತು ನಿಮಿಷಕ್ಕೆ ಏನು ಉಳಿಸಿಕೊಂಡರು, ಏನು ಬಿಟ್ಟರು ಅನ್ನೋದು ಸೈಡು ಪೂರ್ತಿ ಕೇಳಿದವರಿಗೇ ತಿಳಿಯುವುದು.

ಎರಡನೆಯದು ಬೇಕು ಅನ್ನಿಸಿದಾಗ ನಿಮ್ಮ ಧಾರವಾಡದವರೇ ಆದ ಮಲ್ಲಿಕಾರ್ಜುನ ಮನ್ಸೂರರದು ಯಾವುದಾದರೂ ತನ್ನಿ. ರಾಗದ ಹೆಸರು ಕೇಳಿ ಹೆದರಬೇಡಿ. ಅಪರೂಪದ ರಾಗಗಳನ್ನು ಹುಡುಕಿ ಹಾಡುವುದು ಅವರ ಘರಾಣೆಯ, ಅಂದರೆ ಗಾಯನ ಪರಂಪರೆಯ, ಚಾಳಿ. ಅಮೀರ್ ಖಾನರು ಒಂದೊಂದೇ ಸ್ವರ ಬಿಡಿಸಿಡುತ್ತಾರೆ. ಮನ್ಸೂರರು ಹಾಗಲ್ಲ. ಮೊದಲ ಆವರ್ತನದಿಂದಲೇ ಲಯದ ಮೇಲೆ ಸವಾರಿ, ಉಸಿರಿಗೂ ಬಿಡುವಿಲ್ಲ. ಇಬ್ಬರನ್ನೂ ಕೇಳಿದ ಮೇಲೆ ಮೂರನೆಯದನ್ನು ನೀವೇ ಆರಿಸುತ್ತೀರಿ. ಮನೆಯವರು ಬಾಗಿಲು ಹಾಕಿಕೊಂಡರೆ ಮಾತ್ರ ‘ಕಾಲ್ ಆಫ್ ದ ವ್ಯಾಲಿ’ ತನ್ನಿ. 1967ರದು. ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಬೆಳಗಿನ ಅಹೀರ್ ಭೈರವದಿಂದ ಶುರುವಾಗಿ ಒಂದು ದಿನ ಕಳೆಯುವ ಹಾಗೆ ರಾಗಗಳನ್ನು ಜೋಡಿಸಿದ್ದಾರೆ. ಅದನ್ನು ಬೇಡ ಅಂದವರನ್ನು ನಾನಿನ್ನೂ ನೋಡಿಲ್ಲ.

ಪ್ರಶ್ನೆ: ಹೊಸ ಪ್ಲೇಯರನ್ನು ಹಳೆಯ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ಜೋಡಿಸಿದ್ದೇನೆ. ದನಿ ಸಣ್ಣಗೆ, ಕೀರಲು. ಬೇಸ್ ಇಲ್ಲವೇ ಇಲ್ಲ. ಪ್ಲೇಯರ್ ಕೆಟ್ಟಿದೆಯಾ?
– ಓದುಗ, ತುಮಕೂರು

ಉತ್ತರ: ಕೆಟ್ಟಿಲ್ಲ. ಮಧ್ಯೆ ಫೋನೊ ಪ್ರೀಆಂಪ್ ಬೇಕು. ರೆಕಾರ್ಡ್ ಕೊರೆಯುವಾಗಲೇ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿ ಕೊರೆಯುತ್ತಾರೆ. ಇಲ್ಲದಿದ್ದರೆ ಗೆರೆ ಅಗಲವಾಗಿ ಜಾಗ ಸಾಲುವುದಿಲ್ಲ. ಅದನ್ನು ತಿರುಗಿಸಿ ಸರಿ ಮಾಡುವ ಕೆಲಸ ಈ ಪ್ರೀಆಂಪಿನದು. ದನಿಯನ್ನು ದೊಡ್ಡದು ಮಾಡುವುದೂ ಅದೇ. ಆಂಪ್ಲಿಫೈಯರ್ ಹಿಂದೆ ‘ಫೋನೊ’ ಅಂತ ಬರೆದ ತೂತು ಇದೆಯಾ ನೋಡಿ. ಇದ್ದರೆ ಅಲ್ಲಿ ಸಿಕ್ಕಿಸಿ, ದುಡ್ಡು ಉಳಿಯಿತು.

ಪ್ರಶ್ನೆ: ಅಟ್ಟದ ಮೇಲೆ ತಾತನ ಕಾಲದ ಪ್ಲೇಟುಗಳ ಒಂದು ಪೆಟ್ಟಿಗೆ ಸಿಕ್ಕಿದೆ, ಜೊತೆಗೆ ಕೀಲಿ ಕೊಡುವ ಗ್ರಾಮಫೋನೂ. ಒಂದು ಪ್ಲೇಟಿನ ಮೇಲೆ ಗಾಯಕಿಯ ಹೆಸರು ಗಾಂಧಾರಿ, ಊರು ಹುಬ್ಬಳ್ಳಿ ಅಂತಿದೆ. ಯಾರಿವರು? ಈ ಪ್ಲೇಟುಗಳನ್ನು ಹೊಸ ಪ್ಲೇಯರಿನಲ್ಲಿ ಹಾಕಬಹುದಾ? ಮೊಬೈಲಿನಲ್ಲಿ ಸಿಗುವ ಇದೇ ತರಹದ ಹಳೆಯ ಹಾಡುಗಳಲ್ಲಿ ಎಲ್ಲರ ದನಿಯೂ ಚಿಕ್ಕ ಮಕ್ಕಳ ದನಿಯಂತೆ ಯಾಕಿರುತ್ತದೆ?
– ಓದುಗಿ, ಹುಬ್ಬಳ್ಳಿ

ಉತ್ತರ: ತಾಯಿ, ಆ ಪ್ಲೇಟನ್ನು ಮೊದಲು ಒಂದು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಆ ಗಾಂಧಾರಿ ಬೇರೆ ಯಾರೂ ಅಲ್ಲ, ನಿಮ್ಮ ಊರಿನ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್. 1930ರ ದಶಕದಲ್ಲಿ ಎಚ್‌ಎಂವಿಯವರು ಅವರ ಮೊದಮೊದಲ ಪ್ಲೇಟುಗಳನ್ನು ಆ ಹೆಸರಿನಲ್ಲೇ ತಂದರು. ಆಗಿನ ಅವರ ದನಿ ಕೇಳಿದರೆ ನಂಬುವುದು ಕಷ್ಟ. ತೆಳು, ಎತ್ತರ, ಸಲೀಸು. ನಮಗೆಲ್ಲ ಗೊತ್ತಿರುವ ಆ ಗಂಡು ಗಾತ್ರದ ಗಂಭೀರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದದ್ದು. ನಿಮ್ಮ ಪ್ಲೇಟು ಕೇಳಿದ ದಿನವೇ ಅವರ ಯಾವುದಾದರೂ ಎಲ್‌ಪಿಯನ್ನೂ ಕೇಳಿ. ಒಬ್ಬರೇ ಮನುಷ್ಯರು, ಎರಡು ಕಂಠ.

ಹೊಸ ಪ್ಲೇಯರಿನಲ್ಲಿ ಹಾಕಬಹುದು, ಆದರೆ ಎರಡು ಷರತ್ತು. ಪ್ಲೇಯರಿಗೆ 78ರ ವೇಗ, ಅಂದರೆ ನಿಮಿಷಕ್ಕೆ 78 ಸುತ್ತು, ಇರಬೇಕು. ಅಗ್ಗದ ಹೊಸ ಪ್ಲೇಯರುಗಳಲ್ಲಿ ಹಲವಕ್ಕೆ 33 ಮತ್ತು 45 ಮಾತ್ರ ಇರುತ್ತದೆ. ಮುಳ್ಳೂ ಬೇರೆ ಬೇಕು. ಎಲ್‌ಪಿ ಮುಳ್ಳಿನ ತುದಿ ಸುಮಾರು 0.7 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), 78ರ ಪ್ಲೇಟಿಗೆ ಬೇಕಾದ್ದು 3 ಮಿಲ್. ಸಣ್ಣ ಮುಳ್ಳು ಆ ಅಗಲದ ಗೆರೆಯ ತಳಕ್ಕೆ ಇಳಿದು ಅಲ್ಲಿನ ಕಸವನ್ನೇ ಹಾಡುತ್ತದೆ. ಆಡಿಯೊ ಟೆಕ್ನಿಕಾದ ವಿಎಂ95 ಕಾರ್ಟ್ರಿಜ್ (ಮುಳ್ಳು ಕೂರುವ ಡಬ್ಬಿ) ಇದ್ದರೆ ಅದೇ ಸರಣಿಯ ಎಸ್‌ಪಿ ಮುಳ್ಳನ್ನು ಸಿಕ್ಕಿಸಿದರಾಯಿತು. ಮುಳ್ಳು ಪ್ಲೇಟನ್ನು ಒತ್ತುವ ಭಾರ ಅದಕ್ಕೆ 5 ಗ್ರಾಂ ಇಡಬೇಕು. ಎಲ್‌ಪಿಗೆ ಹಾಗೆ ಸಾಮಾನ್ಯವಾಗಿ 2 ಗ್ರಾಂ ಆಸುಪಾಸು ಇಡುತ್ತೇವೆ, ಮುಳ್ಳು ಬದಲಿಸಿದಾಗ ಭಾರ ಬದಲಿಸೋದು ಮರೀಬೇಡಿ.

ಕೀಲಿ ಗ್ರಾಮಫೋನಿನಲ್ಲೂ ಒಮ್ಮೊಮ್ಮೆ ಹಾಕಿ, ಮನೆ ಮಕ್ಕಳು ನೋಡಲಿ. ಆದರೆ ಉಕ್ಕಿನ ಪಿನ್ನು ಒಂದು ಬದಿಗೆ ಒಂದು. ಅದನ್ನೇ ಮತ್ತೆ ಬಳಸಿದರೆ ಸವೆದ ತುದಿ ಪ್ಲೇಟನ್ನು ಉಳುತ್ತದೆ. ಆ ಗ್ರಾಮಫೋನಿನ ಮೇಲೆ ಎಲ್‌ಪಿ ಇಡುವ ಯೋಚನೆಯನ್ನಂತೂ ಕನಸಿನಲ್ಲೂ ಮಾಡಬೇಡಿ.

ಈಗ ಮಕ್ಕಳ ದನಿಯ ವಿಚಾರ. ಇದು ಒಳ್ಳೆಯ ಪ್ರಶ್ನೆ. 78 ಅಂತ ನಾವು ಕರೆಯುತ್ತೇವೆ ಅಷ್ಟೆ, ಹಳೆಯ ಪ್ಲೇಟುಗಳೆಲ್ಲ ನಿಜವಾಗಿ ನಿಮಿಷಕ್ಕೆ 78 ಸುತ್ತಿನಲ್ಲಿ ಕೊರೆದವಲ್ಲ. ಶುರುವಿನ ದಿನಗಳಲ್ಲಿ ವೇಗ ಒಂದೊಂದು ಕಡೆ ಒಂದೊಂದು ಥರ ಇತ್ತು. 73 ಅಥವಾ 74ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಒಂದು ಅರ್ಧ ಸ್ವರ ಮೇಲೇರುತ್ತದೆ. ನಿಮ್ಮ ಹಾರ್ಮೋನಿಯಂನಲ್ಲಿ ಕರಿ ಒಂದರ ಪಕ್ಕದ ಬಿಳಿ ಎರಡನ್ನು ಒತ್ತಿದ ಹಾಗೆ. ವೇಗದ ಅಂತರ ಇನ್ನೂ ಹೆಚ್ಚಿದ್ದರೆ ಗಂಡಸರು ಹೆಂಗಸರಾಗುತ್ತಾರೆ, ಹೆಂಗಸರು ಮಕ್ಕಳಾಗುತ್ತಾರೆ. ತಾನುಗಳು, ಅಂದರೆ ಸ್ವರಗಳ ಓಟಗಳು, ಮನುಷ್ಯರಿಗೆ ಅಸಾಧ್ಯವಾದ ವೇಗದಲ್ಲಿ ಓಡುತ್ತವೆ. ನಾವು ಬಾಯಿ ಬಿಟ್ಟುಕೊಂಡು ‘ಆಹಾ, ಏನು ತಯಾರಿ!’ ಅನ್ನುತ್ತೇವೆ.

ಸರಿಯಾದ ವೇಗ ಹಿಡಿಯೋದು ಹೇಗೆ? ವೇಗ ಹೆಚ್ಚುಕಡಿಮೆ ಮಾಡುವ ಗುಂಡಿ ಇರುವ ಪ್ಲೇಯರ್ ಬೇಕು. ಅದೇ ಗಾಯಕರ ನಂತರದ ಧ್ವನಿಮುದ್ರಿಕೆಯಲ್ಲಿ ಅವರ ಷಡ್ಜ ಎಲ್ಲಿದೆ ಎಂದು ಹಾರ್ಮೋನಿಯಂ ಒತ್ತಿ ನೋಡಿ. ಆ ಕಡೆಗೆ ನಿಧಾನ ಇಳಿಸಿ. ಗಂಗೂಬಾಯಿಯವರ ವಿಷಯದಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅವರ ಕಂಠವೇ ಬದಲಾಯಿತಲ್ಲ. ಅಲ್ಲಿ ಮಾತು ಕೇಳಿ. ಸಾಹಿತ್ಯದ ಅಕ್ಷರಗಳು ಯಾವ ವೇಗದಲ್ಲಿ ಮನುಷ್ಯರು ಆಡಿದಂತೆ ಕೇಳುತ್ತವೋ ಅದೇ ವೇಗ. ಕೆಲವು ಪ್ಲೇಟುಗಳ ಕೊನೆಯಲ್ಲಿ ಗಾಯಕರು ತಮ್ಮ ಹೆಸರನ್ನೇ ಹೇಳುತ್ತಾರೆ. ಅದು ಸಿಕ್ಕಿದರೆ ಇನ್ನೂ ಸುಲಭ. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಧ್ವನಿಮುದ್ರಣ ನಡೆದಾಗ ಗೌಹರ್ ಜಾನ್ ಹಾಡು ಮುಗಿಸಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಕೂಗಿದ್ದು ಜಂಭಕ್ಕಲ್ಲ. ಆಗ ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಎಂದು ಗೊತ್ತಾಗಬೇಕಲ್ಲ, ಅದಕ್ಕೆ. ಅದೇ ಗೌಹರ್ ಜಾನ್ ಕೊನೆಗಾಲಕ್ಕೆ ನಮ್ಮ ಮೈಸೂರಿಗೆ ಬಂದು, ನಾಲ್ವಡಿಯವರ ಆಸ್ಥಾನದಲ್ಲಿದ್ದು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು.

ಪ್ರಶ್ನೆ: ಪ್ರತಿ ಮಳೆಗಾಲದಲ್ಲೂ ರೆಕಾರ್ಡುಗಳ ಮೇಲೆ ಬೂಷ್ಟು ಹಿಡಿಯುತ್ತದೆ. ಸ್ಪಿರಿಟ್ ಹಾಕಿ ಒರೆಸಬಹುದೇ?
– ಓದುಗ, ಶಿರಸಿ

ಉತ್ತರ: ಯಾವ ರೆಕಾರ್ಡು ಅನ್ನೋದರ ಮೇಲೆ ನಿಂತಿದೆ. ಎಲ್‌ಪಿ ವಿನೈಲ್. 78ರ ಪ್ಲೇಟು ಅರಗಿನದು, ಮರಕ್ಕೆ ಪಾಲಿಶ್ ಹೊಡೆಯಲು ಸ್ಪಿರಿಟ್ಟಿನಲ್ಲಿ ಕರಗಿಸುತ್ತಾರಲ್ಲ, ಅದೇ ಅರಗು. ಅದಕ್ಕೆ ಸ್ಪಿರಿಟ್ ಹಾಕಿದರೆ ಬೂಷ್ಟಿನ ಜೊತೆ ಹಾಡೂ ಒರೆಸಿಹೋಗುತ್ತದೆ. ಪ್ಲೇಟಿಗೆ ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಅಷ್ಟೇ. ನಡುವಿನ ಕಾಗದದ ಲೇಬಲ್ ನೆನೆಯಬಾರದು.

ಎಲ್‌ಪಿಗೆ ಡಿಸ್ಟಿಲ್ಡ್ ವಾಟರಿನಲ್ಲಿ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ. ನಾಲ್ಕನೇ ಒಂದು ಭಾಗ ದಾಟದಿರಲಿ. ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಉದ್ದಕ್ಕೆ, ಸುತ್ತಿಗೆ ಸರಿಯಾಗಿ ಉಜ್ಜಿ, ಅಡ್ಡಡ್ಡ ಬೇಡ. ಮತ್ತೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ತಟ್ಟೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳ.

ಇಷ್ಟೆಲ್ಲ ಮಾಡಿ ಮತ್ತೆ ಅದೇ ಹಳೆಯ ಕಾಗದದ ಒಳಚೀಲಕ್ಕೆ ತುರುಕಿದರೆ ಮುಂದಿನ ಆಷಾಢಕ್ಕೆ ಅದೇ ಕತೆ. ಬೂಷ್ಟಿನ ಬೀಜ ಇರೋದು ಆ ಕಾಗದದಲ್ಲಿ. ಅದನ್ನು ಎಸೆದು ಹೊಸ ಪಾಲಿ ಒಳಚೀಲ ಹಾಕಿ. ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ. ಗೋಡೆಗೆ ತಾಗಿದ ಕಪಾಟು ಬೇಡ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ.

ಪ್ರಶ್ನೆ: ನಾನು ವೀಣೆ ಕಲಿಯುತ್ತಿದ್ದೇನೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಆಸೆ. ಮನೆಯಲ್ಲಿ ‘ಅದು ನಮ್ಮದಲ್ಲ, ಬರೀ ಗದ್ದಲ’ ಅನ್ನುತ್ತಾರೆ. ನನಗೂ ಹತ್ತು ನಿಮಿಷದಲ್ಲಿ ದಿಕ್ಕು ತಪ್ಪಿದಂತಾಗುತ್ತದೆ. ಎಲ್ಲಿಂದ ಶುರು ಮಾಡಲಿ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೈಸೂರಿನಲ್ಲಿ ಕೂತು ‘ನಮ್ಮದಲ್ಲ’ ಅನ್ನುವವರಿಗೆ ಅರಮನೆ ಕಡೆ ಕೈ ತೋರಿಸಮ್ಮ. ಜಯಚಾಮರಾಜೇಂದ್ರ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರು ಅಂತ ವೀಣೆ ಕಲಿಯುವ ನಿನಗೆ ಗೊತ್ತೇ ಇರುತ್ತದೆ. ಅವರೇ ಪಿಯಾನೊ ನುಡಿಸುತ್ತಿದ್ದರು, ಅವರ ರೆಕಾರ್ಡ್ ಸಂಗ್ರಹ ನೋಡಿ ಲಂಡನ್ನಿನವರೇ ಬೆರಗಾಗಿದ್ದರು. ನಿಕೊಲಾಯ್ ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತಗಾರ. ಲಂಡನ್ನಿನಲ್ಲಿ ವಯಸ್ಸಾಗಿ, ಕಾಯಿಲೆ ಬಿದ್ದು, ಯಾರಿಗೂ ಬೇಡವಾಗಿ ಇದ್ದರು. ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ದುಡ್ಡು ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ಸೊಸೈಟಿ ಹೆಸರಿನಲ್ಲಿ ಎಚ್‌ಎಂವಿ ಆ ಪ್ಲೇಟುಗಳನ್ನು ತಂದಿತು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ) ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಆ ಪ್ಲೇಟುಗಳು ಆಗಿರದಿದ್ದರೆ ಅವರ ಕಾನ್ಸರ್ಟೊಗಳನ್ನು ಅವರ ಕೈಯಲ್ಲೇ ಕೇಳುವ ಭಾಗ್ಯ ಯಾರಿಗೂ ಇರುತ್ತಿರಲಿಲ್ಲ.

ಇನ್ನೊಂದು ಕತೆ. ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ‘ಫೋರ್ ಲಾಸ್ಟ್ ಸಾಂಗ್ಸ್’ ಮೊದಲ ಸಲ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್. ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಬರೆದ ಸ್ಟ್ರಾಸ್ ಅಷ್ಟರಲ್ಲಿ ತೀರಿಕೊಂಡಿದ್ದರು. ಆ ಕಾರ್ಯಕ್ರಮದ ಖರ್ಚಿಗೆ ನಿಂತವರು ಮತ್ತೆ ನಮ್ಮ ಮಹಾರಾಜರೇ. ಇನ್ನೇನು ಬೇಕು ‘ನಮ್ಮದು’ ಅನ್ನಲಿಕ್ಕೆ?

ಈಗ ನಿನ್ನ ದಿಕ್ಕು ತಪ್ಪುವ ವಿಚಾರ. ಅದು ನಿನ್ನ ಕಿವಿಯ ದೋಷ ಅಲ್ಲ, ನಿನ್ನ ಕಿವಿ ಚೆನ್ನಾಗಿ ತಯಾರಾಗಿದೆ ಅನ್ನುವ ಗುರುತು. ನಮ್ಮಲ್ಲಿ ಶ್ರುತಿ ಕೂಡಿಸಿದ ಮೇಲೆ ಕಛೇರಿ ಮುಗಿಯುವವರೆಗೂ ಆಧಾರ ಷಡ್ಜ ಅಲ್ಲಾಡುವುದಿಲ್ಲ. ಅಲ್ಲಿ ಷಡ್ಜವೇ ಮನೆ ಬದಲಾಯಿಸುತ್ತದೆ. ಈಗ ಇಲ್ಲಿತ್ತು ಅನ್ನುವಷ್ಟರಲ್ಲಿ ಪಂಚಮದ ಜಾಗವೇ ಹೊಸ ಷಡ್ಜ. ನಿನ್ನ ಕಿವಿ ಹಳೆಯ ಷಡ್ಜವನ್ನೇ ಹಿಡಿದುಕೊಂಡಿರುತ್ತದೆ. ಅದಕ್ಕೇ ತಲೆ ಸುತ್ತುತ್ತದೆ.

ಹಾಗಾಗಿ ಎಪ್ಪತ್ತು ಜನ ಕೂತು ನುಡಿಸುವ ಸಿಂಫನಿಗೆ ಈಗಲೇ ಹೋಗಬೇಡ. ಒಂದೇ ವಾದ್ಯ ಹಿಡಿ. ಚೆಲ್ಲೊ ಅಂದರೆ ದೊಡ್ಡ ಪಿಟೀಲಿನಂಥ ವಾದ್ಯ. ಜರ್ಮನ್ ರಚನಕಾರ ಬಾಖ್ ಅದಕ್ಕೆ ಬರೆದ ಸ್ವೀಟ್‌ಗಳಲ್ಲಿ (ಹಲವು ಭಾಗಗಳ ರಚನೆಗಳು) ಮೊದಲನೆಯದು, ಅದರ ಮೊದಲ ಭಾಗ ಪ್ರೆಲ್ಯೂಡ್. ಎರಡೂವರೆ ನಿಮಿಷ ಅಷ್ಟೆ. ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ 1936ರಿಂದ 1939ರ ನಡುವೆ ಆರೂ ಸ್ವೀಟ್‌ಗಳನ್ನು ಧ್ವನಿಮುದ್ರಿಸಿದ್ದಾರೆ. ಹುಡುಗನಾಗಿದ್ದಾಗ ಬಾರ್ಸಿಲೋನಾದ ಒಂದು ಹಳೇ ಅಂಗಡಿಯಲ್ಲಿ ಇದರ ಸ್ವರಪುಸ್ತಕ ಅವರ ಕಣ್ಣಿಗೆ ಬಿತ್ತಂತೆ. ಆಮೇಲೆ ಜೀವನಪೂರ್ತಿ ಅದನ್ನು ನುಡಿಸಿದರು. ಆ ಧ್ವನಿಮುದ್ರಿಕೆ ಎಲ್‌ಪಿಯಲ್ಲೂ ಬಂದಿದೆ.

ಕೇಳುವಾಗ ಮೇಲಿನ ಓಟಕ್ಕೆ ಮರುಳಾಗಬೇಡ. ತಳದ ತಂತಿ ಕೇಳು. ಮೊದಲ ನಾಲ್ಕು ಅಳತೆಗಳಲ್ಲೂ (ನಮ್ಮ ತಾಳದ ಆವರ್ತದಂಥವು) ತಳದ ಸ್ವರ ಒಂದೇ, ಬದಲಾಗುವುದಿಲ್ಲ. ಅದೇ ನಿನ್ನ ಷಡ್ಜ ಅಂತ ಇಟ್ಟುಕೋ. ನಿನ್ನ ವೀಣೆಯ ಸಾರಣಿ ತಂತಿಯನ್ನು ಬೇಕಾದರೆ ಅದಕ್ಕೆ ಕೂಡಿಸಿಕೋ. ಐದನೇ ಅಳತೆಗೆ ಆ ತಳ ಜರುಗುತ್ತದೆ. ಅಲ್ಲಿಂದ ಅದು ಎಲ್ಲೆಲ್ಲಿ ಹೋಯಿತು, ಎಲ್ಲಿ ವಾಪಸ್ ಬರುವ ಸುಳಿವು ಕೊಟ್ಟಿತು, ಕೊನೆಗೆ ಯಾವಾಗ ಬಂದು ಕೂತಿತು ಅಂತ ಹಿಂಬಾಲಿಸು. ಕೊನೆಯ ದೊಡ್ಡ ಮೀಟಿನಲ್ಲಿ ಷಡ್ಜ ಸಿಕ್ಕಾಗ ಅಮೀರ್ ಖಾನರ ಮಾರ್ವಾ ನೆನಪಾದರೆ ಆಶ್ಚರ್ಯವಿಲ್ಲ. ಇದು ಹಿಡಿತಕ್ಕೆ ಬಂದ ಮೇಲೆ ಗ್ಲೆನ್ ಗೂಲ್ಡ್ 1955ರಲ್ಲಿ ಪಿಯಾನೊದಲ್ಲಿ ನುಡಿಸಿದ, ಬಾಖ್ ಅವರದೇ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಕೇಳು. ಅಲ್ಲೂ ಮೇಲಿನ ಹಾಡಿಗಿಂತ ಎಡಗೈ ಮುಖ್ಯ, ಮೂವತ್ತು ರೂಪ ತಾಳುವುದು ಆ ತಳವೇ.

ಸ್ಟ್ರಾಸ್ ಹಾಡುಗಳನ್ನು ಕಡೆಗೆ ಇಟ್ಟುಕೋ. ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಅವರು ಜಾರ್ಜ್ ಸೆಲ್ ಜೊತೆ 1965ರಲ್ಲಿ ಹಾಡಿದ್ದು ನನ್ನ ಆಯ್ಕೆ. ಜೆಸ್ಸಿ ನಾರ್ಮನ್ ದನಿ ಇನ್ನೂ ದೊಡ್ಡದು, ಕೆಲವರಿಗೆ ಅದೇ ಇಷ್ಟ. ನಾಲ್ಕನೇ ಹಾಡಿನ ಕೊನೆಯಲ್ಲಿ ಎರಡು ಕೊಳಲು ಎರಡು ಹಕ್ಕಿಗಳಾಗುತ್ತವೆ. ಅಲ್ಲಿ ಮುಳ್ಳು ಎತ್ತಲು ಅವಸರ ಮಾಡಬೇಡ.

ಪ್ರಶ್ನೆ: ವಿನೈಲ್ ಶಬ್ದ ಡಿಜಿಟಲ್‌ಗಿಂತ ಶ್ರೇಷ್ಠ ಅನ್ನುತ್ತಾರೆ. ನಿಜವೇ?
– ಓದುಗ, ದಾವಣಗೆರೆ

ಉತ್ತರ: ಅಳೆದು ನೋಡಿದರೆ ಅಲ್ಲ. ಗದ್ದಲ ಜಾಸ್ತಿ, ವೇಗದಲ್ಲಿ ಏರುಪೇರು ಜಾಸ್ತಿ. ಇನ್ನೊಂದು ಹುಳುಕು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಒಳಗೆ ಲೇಬಲ್ ಹತ್ತಿರ ಬರುವಾಗ ಬರೀ 21. ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಮುಕಬೇಕು. ಹಾಗಾಗಿ ಸೈಡಿನ ಕೊನೆಯಲ್ಲಿ ದನಿ ಒಡೆಯುತ್ತದೆ. ನಮ್ಮ ಸಂಗೀತದ ಗ್ರಹಚಾರ ನೋಡಿ, ದ್ರುತ್ ತಾನು, ಝಾಲಾ, ತನಿ, ಇಂಥ ಅಬ್ಬರದ ಭಾಗವೆಲ್ಲ ಬರೋದು ಕೊನೆಯಲ್ಲೇ! ಒಳ್ಳೆಯ ಮುಳ್ಳಿಗೆ ದುಡ್ಡು ಹಾಕಿ ಅಂತ ನಾನು ಗಿರಾಕಿಗಳಿಗೆ ಹೇಳುತ್ತಿದ್ದದ್ದು ಈ ಕೊನೆಯ ನಾಲ್ಕು ನಿಮಿಷಕ್ಕೋಸ್ಕರ.

ಮತ್ತೆ ಯಾಕೆ ಕೇಳುತ್ತೀರಿ ಅಂದರೆ, ನಡುವೆ ಹಾರಿಸೋಕೆ ಸೋಮಾರಿತನ. ಎದ್ದು ಹೋಗಿ ಮುಳ್ಳು ಎತ್ತಬೇಕು. ಅದರ ಬದಲು ಕೂತು ಕೇಳುವುದೇ ಸುಲಭ.

ಪ್ರಶ್ನೆ: ಹಳೆಯ ಎಚ್‌ಎಂವಿ ಎಲ್‌ಪಿ ಕೊಳ್ಳುವಾಗ ಮೋನೊ, ಸ್ಟೀರಿಯೊ ಅಂತ ಗುರುತಿಸುವುದು ಹೇಗೆ? ಜಾಕೆಟ್ ಹರಿದುಹೋಗಿರುತ್ತದೆ.
– ಓದುಗ, ಮಂಗಳೂರು

ಉತ್ತರ: ಲೇಬಲ್ ಮೇಲಿನ ನಂಬರಿನ ಮುಂದಿರುವ ಅಕ್ಷರ ನೋಡಿ. ಇಎಎಲ್‌ಪಿ, ಇಸಿಎಲ್‌ಪಿ ಅಂತಿದ್ದರೆ ಮೋನೊ. ಇಎಎಸ್‌ಡಿ, ಇಸಿಎಸ್‌ಡಿ ಅಂತಿದ್ದರೆ ಸ್ಟೀರಿಯೊ. ಒಬ್ಬರೇ ಹಾಡುವ ಸಂಗೀತಕ್ಕೆ ಮೋನೊ ಏನೂ ಕಡಿಮೆಯಲ್ಲ. ಅಂಗಡಿಯವನು ಸ್ಟೀರಿಯೊ ಅಂತ ಜಾಸ್ತಿ ಕೇಳಿದರೆ ನಕ್ಕು ಮೋನೊ ತನ್ನಿ. ಕೊಳ್ಳುವ ಮುಂಚೆ ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೂದಲಿನಂಥ ಮೇಲ್ಗೀರು ಇದ್ದರೂ ನಡೆಯುತ್ತದೆ. ಗೆರೆಗಳು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿದ್ದರೆ ಬೇಡ. ಯಾರೋ ಸವೆದ ಮುಳ್ಳಿನಲ್ಲಿ ಅದನ್ನು ಅರೆದಿದ್ದಾರೆ, ತೊಳೆದರೂ ಬರುವುದಿಲ್ಲ.

ಪ್ರಶ್ನೆ: ನಾವು ಒಂದಷ್ಟು ಗೆಳೆಯರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ರೆಕಾರ್ಡ್ ಕೇಳುತ್ತೇವೆ. ಎಲ್ಲರೂ ತಮ್ಮ ತಮ್ಮದನ್ನೇ ಹಾಕಬೇಕು ಅನ್ನುತ್ತಾರೆ. ಇಬ್ಬರು ಕರ್ನಾಟಕ ಸಂಗೀತದ ಕಡೆ, ಇಬ್ಬರು ಹಿಂದೂಸ್ತಾನಿ ಕಡೆ. ಒಬ್ಬರಂತೂ ಹಾಡು ಶುರುವಾದ ಕೂಡಲೇ ಸ್ಪೀಕರ್ ಕೇಬಲ್ ಬಗ್ಗೆ ಭಾಷಣ ಹೊಡೆಯುತ್ತಾರೆ. ಸೇರುವುದನ್ನೇ ಬಿಡೋಣ ಅನ್ನಿಸಿದೆ.
– ಓದುಗ, ಜಯನಗರ, ಬೆಂಗಳೂರು

ಉತ್ತರ: ಬಿಡಬೇಡಿ. ಕೇಬಲ್ಲಿನವರಿಗೆ ರೆಕಾರ್ಡ್ ತಿರುಗಿಸುವ ಕೆಲಸ ವಹಿಸಿ. ಮುಳ್ಳು ಇಡುವುದು, ಎತ್ತುವುದು, ಬ್ರಷ್ ಆಡಿಸುವುದು ಎಲ್ಲ ಅವರದೇ. ಕೈಗೆ ಕೆಲಸ ಸಿಕ್ಕರೆ ಬಾಯಿ ಸುಮ್ಮನಾಗುತ್ತದೆ. ಅಂಗಡಿಯಲ್ಲಿ ನನ್ನ ಅನುಭವ ಇದು.

ಆಯ್ಕೆಯ ಜಗಳಕ್ಕೆ ಒಂದೇ ಮದ್ದು: ಆಯ್ಕೆಯನ್ನು ರಾಗಕ್ಕೆ ಬಿಡಿ. ತಿಂಗಳಿಗೊಂದು ರಾಗ, ತಲೆಗೊಂದು ಸೈಡು. ಕರ್ನಾಟಕದವರ ಹಿಂದೋಳವೂ ಹಿಂದೂಸ್ತಾನಿಯವರ ಮಾಲ್‌ಕೌಂಸೂ ಸ್ವರದಲ್ಲಿ ಒಂದೇ. ಎರಡರಲ್ಲೂ ರಿಷಭ ಇಲ್ಲ, ಪಂಚಮ ಇಲ್ಲ. ಮೊದಲ ತಿಂಗಳಿಗೆ ಅದೇ ಇರಲಿ. ಒಬ್ಬರು ‘ಸಾಮಜವರಗಮನ’ ಇರುವ ರೆಕಾರ್ಡ್ ತರಲಿ, ಇನ್ನೊಬ್ಬರು ಯಾರದಾದರೂ ಮಾಲ್‌ಕೌಂಸ್ ತರಲಿ. ಅದೇ ಐದು ಸ್ವರ ಒಂದು ಕಡೆ ಕುಣಿಯುತ್ತದೆ, ಇನ್ನೊಂದು ಕಡೆ ಕಣ್ಣು ಮುಚ್ಚಿ ಕೂರುತ್ತದೆ. ಯಾಕೆ ಅಂತ ಜಗಳ ಆಡಿ. ಅದು ಒಳ್ಳೆಯ ಜಗಳ. ಹಿಂದೂಸ್ತಾನಿಯವರು ಹೆಸರು ನೋಡಿ ಹಿಂಡೋಲ್ ತಂದುಬಿಟ್ಟಾರು ಜೋಕೆ, ಅದು ಬೇರೆಯೇ ರಾಗ. ಮುಂದಿನ ತಿಂಗಳು ಮೋಹನ–ಭೂಪ್, ಆಮೇಲೆ ಕಲ್ಯಾಣಿ–ಯಮನ್. ತೋಡಿಗೆ ಬರುವಾಗ ಮಾತ್ರ ಎಚ್ಚರ. ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು, ನಮ್ಮ ತೋಡಿ ಅವರ ಭೈರವಿಯ ಹತ್ತಿರದ್ದು. ಆ ಸಂಜೆ ಊಟ ತಡವಾಗುತ್ತದೆ.

ಒಂದೇ ಕಟ್ಟುನಿಟ್ಟು ಇರಲಿ. ಸೈಡು ಮುಗಿಯುವವರೆಗೆ ಯಾರೂ ಮಾತಾಡಬಾರದು. ‘ಭೇಷ್’ ಅನ್ನಬಹುದು. ಕಾಫಿ ಸೈಡು ತಿರುಗಿಸುವಾಗ ಮಾತ್ರ.

ತಂಡದಲ್ಲಿ ಯಾರಾದರೂ ‘78ರ ಪ್ಲೇಟಿನಲ್ಲಿ ಏನಿದೆ, ಬರೀ ಮೂರು ನಿಮಿಷ’ ಅಂದರೆ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ‘ಪಿಯಾ ಬಿನ್ ನಹೀ ಆವತ ಚೈನ್’ ಹಾಕಿ. ಗದಗಿನ ಹುಡುಗ ಭೀಮಸೇನ ಜೋಶಿ ಆ ಪ್ಲೇಟು ಕೇಳಿಯೇ ಹೀಗೆ ಹಾಡಬೇಕು ಎಂದು ಹಟ ಹಿಡಿದದ್ದು, 1933ರಲ್ಲಿ ಹನ್ನೊಂದು ವರ್ಷಕ್ಕೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ್ದು. ಸುತ್ತಿ ಬಳಸಿ ಕೊನೆಗೆ ಗುರು ಸಿಕ್ಕಿದ್ದು ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು.

ಪ್ರಶ್ನೆ: ನನ್ನ ಹತ್ತಿರ ಪ್ಲೇಯರೂ ಇಲ್ಲ, ರೆಕಾರ್ಡೂ ಇಲ್ಲ. ಕೊಳ್ಳುವ ಶಕ್ತಿಯೂ ಇಲ್ಲ. ನಿಮ್ಮ ಅಂಕಣ ಓದಿ ನನಗೇನು ಪ್ರಯೋಜನ?
– ಓದುಗಿ, ಹಾಸನ

ಉತ್ತರ: ಪ್ಲೇಯರ್ ಬೇಡ ತಾಯಿ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನವು ಮೊಬೈಲಿನಲ್ಲೇ ಸಿಗುತ್ತವೆ. ಮಾರ್ವಾ ಹಾಕಿ, ಮೊಬೈಲನ್ನು ಆಚೆ ಕೋಣೆಯ ಬಾಗಿಲ ಹತ್ತಿರ ಇಟ್ಟು ಈಚೆ ಬಂದು ಕೂತುಕೊಳ್ಳಿ. ಕುಕ್ಕರ್ ಇಡೋದಿದ್ದರೆ ಮೊದಲೇ ಇಟ್ಟುಬಿಡಿ.

ಮುಂದಿನ ಸಂಚಿಕೆಗೆ ಬರೆಯುವವರು ಒಂದು ಕಾರ್ಡಿನಲ್ಲಿ ಒಂದೇ ಪ್ರಶ್ನೆ ಕೇಳಿ. ಯಾವ ರೆಕಾರ್ಡ್ ಕೇಳಿ ಬರೆಯುತ್ತಿದ್ದೀರಿ, ಯಾವ ಸೈಡು ಅನ್ನುವುದನ್ನೂ ಬರೆಯಿರಿ. ಕೇಬಲ್ ಬಗ್ಗೆ ಪ್ರಶ್ನೆ ಬೇಡ.